ಐದು ಅಂಕದ ಪತ್ರ

"ವಿಳಾಸ ಬರೆದಿಲ್ಲ ಮೇಡಂ. ಒಂದು ಅಂಕ ಕಟ್ ಮಾಡ್ಲಾ?" ಹೊಸ ಮೇಷ್ಟರು ಕೆಂಪು ಪೆನ್ನನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡು ಕೇಳಿದರು.

ಹತ್ತನೆಯ ತರಗತಿಯ ಮೌಲ್ಯಮಾಪನ ಕೇಂದ್ರದಲ್ಲಿ ಅದು ನಾಲ್ಕನೆಯ ದಿನ. ಊಟ ಮುಗಿದ ಮೇಲಿನ ಹೊತ್ತು. ಆ ಶಾಲೆಯ ಉದ್ದನೆಯ ಸಭಾಂಗಣದಲ್ಲಿ ಮೂವತ್ತು ಮೇಜುಗಳು, ಮೇಜಿಗೆ ಐವರು ಮೇಷ್ಟರು, ಅವರು ತಿದ್ದಿದ್ದನ್ನು ಮರಳಿ ನೋಡಲು ಒಬ್ಬ ಮುಖ್ಯಸ್ಥರು. ಫ್ಯಾನುಗಳು ತಿರುಗುವಾಗ ನೂರಾರು ಉತ್ತರ ಪತ್ರಿಕೆಗಳ ತುದಿ ಒಟ್ಟಿಗೇ ಏಳುತ್ತಿದ್ದವು, ಒಟ್ಟಿಗೇ ಮಲಗುತ್ತಿದ್ದವು. ಒಳಗೆ ಎಷ್ಟೋ ಮಕ್ಕಳು ಉಸಿರಾಡುತ್ತಿರುವ ಹಾಗೆ.

ಈ ಮೇಜಿನ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಪ್ರತಿ ಕಟ್ಟು ಬಿಚ್ಚುವ ಮೊದಲು ಅವರು ಒಂದು ಗಳಿಗೆ ಕಣ್ಣು ಮುಚ್ಚಿ, ದೇವರೇ, ನನ್ನ ಕೈಯಿಂದ ಯಾವ ಮಗುವಿಗೂ ಅನ್ಯಾಯವಾಗದಿರಲಿ ಎಂದುಕೊಳ್ಳುವರು. ಆಮೇಲೆಯೇ ಕತ್ತರಿ.

"ಸೂಚನೆಯಲ್ಲಿ ಹೇಗಿದೆಯೋ ಹಾಗೆ ಮಾಡಿ ಸಾರ್," ಎಂದರು ತಲೆಯೆತ್ತದೆ. "ವಿಳಾಸಕ್ಕೊಂದು, ದಿನಾಂಕ ಸಂಬೋಧನೆಗೊಂದು, ವಿಷಯಕ್ಕೆ ಎರಡು, ಮುಕ್ತಾಯಕ್ಕೊಂದು."

"ಸರಿ ಮೇಡಂ. ಆದ್ರೆ ಕಲ್ಪನೆ ಮಾತ್ರ ಜೋರಾಗಿದೆ. ಒಂದೇ ಪತ್ರನ ಎರಡು ಸಲ ಓದಿಬಿಟ್ಟೆ."

ಎದುರು ಕುಳಿತಿದ್ದ ಕನ್ನಡಕದ ಮೇಡಂ ನಕ್ಕರು. "ಮೊದಲನೇ ವರ್ಷ ಎಲ್ಲರಿಗೂ ಹಂಗೇ. ಮೂರು ಸಾಲು ಬರೆದಿದ್ರೂ ಕಾದಂಬರಿ ಥರ ಕಾಣ್ಸುತ್ತೆ. ನೂರು ಪೇಪರ್ ದಾಟ್ಲಿ, ಎಲ್ಲ ಒಂದೇ ಥರ ಕಾಣ್ಸುತ್ತೆ."

ದೊಡ್ಡ ಮೇಡಂ ನಗಲಿಲ್ಲ. ಅವರ ಪೆನ್ನು ನಿಂತುಬಿಟ್ಟಿತ್ತು. "ಕೊಡಿ ಇಲ್ಲಿ," ಎಂದರು.

ಪ್ರಶ್ನೆ ಸಾಧಾರಣದ್ದೇ. ಬೇರೆ ಊರಿನಲ್ಲಿರುವ ಗೆಳತಿಗೆ ನಿಮ್ಮ ಪರೀಕ್ಷೆಯ ಸಿದ್ಧತೆಯನ್ನು ಕುರಿತು ಪತ್ರ ಬರೆಯಿರಿ. ಐದು ಅಂಕ. ಪತ್ರದಲ್ಲಿ ಸ್ವಂತ ಹೆಸರು, ಊರು ಬರೆಯುವ ಹಾಗಿಲ್ಲ, ಗುರುತು ಬಿಟ್ಟುಕೊಟ್ಟಂತಾಗುತ್ತದೆ, ಹುಸಿ ಹೆಸರು, ಹುಸಿ ವಿಳಾಸ ಹಾಕಿ ಎಂದು ಮಕ್ಕಳಿಗೆ ವರ್ಷವಿಡೀ ಹೇಳಿಕೊಟ್ಟಿರುತ್ತಾರೆ. ಅದಕ್ಕೇ ಲಕ್ಷಾಂತರ ಪತ್ರಗಳು ಅಬಕ ಎನ್ನುವ ಒಬ್ಬಳೇ ಹುಡುಗಿಯಿಂದ ಬರುತ್ತವೆ.

ಅಕ್ಷರ ದುಂಡಗಿತ್ತು. ಒಂದು ಕಡೆಯೂ ಹೊಡೆದು ಹಾಕಿರಲಿಲ್ಲ.

'ಪ್ರೀತಿಯ ಗೆಳತಿ, ನಾನು ಕ್ಷೇಮ. ಸಿದ್ಧತೆ ಚೆನ್ನಾಗಿ ನಡೆದಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿನಗೆ ಮಾತ್ರ ನಿಜ ಹೇಳುತ್ತೇನೆ. ಪುಸ್ತಕ ತೆರೆದರೆ ಅಕ್ಷರಗಳು ನೀರಿಗೆ ಬಿದ್ದ ಹಾಗೆ ಕಾಣುತ್ತವೆ. ಮುಟ್ಟಲು ಹೋದರೆ ಕದಡುತ್ತವೆ. ಅಪ್ಪ ಕ್ಯಾಲೆಂಡರಿನಲ್ಲಿ ದಿನಾ ಒಂದು ಮನೆ ಹೊಡೆದು ಹಾಕುತ್ತಾರೆ. ನನ್ನ ನೀಲಿ ಸ್ವೆಟರ್ ತಂಗಿಗೆ ಕೊಟ್ಟೆ. ಅವಳಿಗೆ ದೊಡ್ಡದಾಗುತ್ತದೆ, ತೋಳು ಮಡಚಿಕೋ ಎಂದೆ. ಫಲಿತಾಂಶದ ದಿನ ನಾನು ಇರುವುದಿಲ್ಲ. ನೀನು ನನ್ನ ನಂಬರ್ ಹುಡುಕಬೇಡ. ನಿನ್ನ ಮನೆಯವರಿಗೆ ನಮಸ್ಕಾರಗಳು. ಇಂತಿ, ಅಬಕ.'

ದೊಡ್ಡ ಮೇಡಂ ಅದನ್ನು ಎರಡು ಸಲ ಓದಿದರು. ಅವರ ಕಿವಿಯೊಳಗೆ ಮಾತ್ರ ಇನ್ನೊಂದು ಪತ್ರದ ಸಾಲು ಕೇಳಿಸುತ್ತಿತ್ತು.

ಹನ್ನೆರಡು ವರ್ಷದ ಹಿಂದಿನದು ಅದು. ಆಗ ಅವರೂ ಬರೀ ತಿದ್ದುವವರು. ಎಡಕ್ಕೆ ವಾಲಿದ ಸಣ್ಣ ಅಕ್ಷರ. 'ನಾಳೆಯಿಂದ ನಾನು ಯಾರಿಗೂ ಭಾರವಾಗುವುದಿಲ್ಲ, ಅಮ್ಮನಿಗೆ ನೀನೇ ಸಮಾಧಾನ ಹೇಳು' ಎಂದಿತ್ತು ಕೊನೆಯಲ್ಲಿ. ದಿನಾಂಕ ಇಲ್ಲವೆಂದು ಒಂದು ಕಳೆದು ನಾಲ್ಕು ಕೊಟ್ಟಿದ್ದರು. ಶೈಲಿ ಸೊಗಸಾಗಿದೆ ಎನಿಸಿ, ಪಕ್ಕದವರಿಗೆ ಓದಿ ಹೇಳಿ, ಎದ್ದು ಚಹಾಕ್ಕೆ ಹೋಗಿದ್ದರು. ಸಂಜೆ ಮನೆಯ ದಾರಿಯಲ್ಲಿ ಅರ್ಧ ರಸ್ತೆ ದಾಟಿದವರು ಅಲ್ಲೇ ನಿಂತುಬಿಟ್ಟರು. ಅದು ಉತ್ತರವಾಗಿರಲಿಲ್ಲ. ಹಿಂದಿನಿಂದ ಗಾಡಿಗಳು ಹಾರನ್ ಹೊಡೆಯುತ್ತಿದ್ದವು. ಮರುದಿನ ಕೇಂದ್ರದ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತರೆ, ಕಟ್ಟುಗಳೆಲ್ಲ ಮೊಹರಾಗಿ ಲಾರಿ ಹತ್ತಿಯಾಗಿತ್ತು. ಯಾವ ಮಗು, ಯಾವ ಊರು, ಒಂದೂ ತಿಳಿಯಲಿಲ್ಲ. ಬದುಕಿದ್ದರೆ ಈಗ ಇಪ್ಪತ್ತೆಂಟು. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಆ ವಯಸ್ಸಿನವರು ಯಾರಾದರೂ ಚೀಟಿ ತುಂಬುತ್ತಿದ್ದರೆ ಅವರು ಹೆಗಲ ಮೇಲಿಂದ ಇಣುಕುತ್ತಿದ್ದರು, ಅಕ್ಷರ ಎಡಕ್ಕೆ ವಾಲುತ್ತದೆಯೇ ಎಂದು. ಎಷ್ಟೋ ಜನ ಸಿಡುಕಿ ಚೀಟಿ ಮುಚ್ಚಿಕೊಂಡಿದ್ದರು. ಪ್ರಾರ್ಥನೆಗೆ ಕುಳಿತರೂ ಹೆಸರಿಲ್ಲದ ಆ ಮಗುವಿಗಾಗಿ ಏನು ಬೇಡಬೇಕೆಂದು ತಿಳಿಯುತ್ತಿರಲಿಲ್ಲ. ಆಯುಷ್ಯ ಬೇಡಲೇ, ಶಾಂತಿ ಬೇಡಲೇ?

"ಸಾರ್, ನನ್ನ ಜೊತೆ ಬನ್ನಿ," ಎಂದು ಹೊಸ ಮೇಷ್ಟರನ್ನು ಎಬ್ಬಿಸಿಕೊಂಡು ಹೊರಟರು.

ಕೇಂದ್ರದ ಮುಖ್ಯಸ್ಥರು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕೂರುತ್ತಿದ್ದರು. ಕಬ್ಬಿಣದ ಬೀರುವಿನ ಕೀಲಿಗೊಂಚಲನ್ನು ಸ್ನಾನದ ಮನೆಗೂ ಬಿಟ್ಟು ಹೋಗುವುದಿಲ್ಲವೆಂದು ಅವರಿಗೆ ಕೀಲಿಕೈ ಸಾಹೇಬರು ಎಂದು ಹೆಸರು. ಉತ್ತರ ಪತ್ರಿಕೆಯ ಮೇಲಿನ ಅಸಲಿ ನಂಬರಿನ ಚೀಟಿಯನ್ನು ಹರಿದು, ಸಂಕೇತ ಸಂಖ್ಯೆ ಹಾಕಿ ತಿದ್ದಲು ಕೊಡುವುದು ಪದ್ಧತಿ. ಹರಿದ ಚೀಟಿಗಳೆಲ್ಲ ಆ ಬೀರುವಿನಲ್ಲಿದ್ದವು.

ಸಾಹೇಬರು ಪತ್ರ ಓದಿ, ಕನ್ನಡಕ ತೆಗೆದು, ಮೂಗು ಒತ್ತಿಕೊಂಡರು. "ಮಕ್ಕಳು ಕಥೆ ಕಟ್ತಾರೆ ಮೇಡಂ. ಸಿನಿಮಾ ನೋಡ್ತಾರೆ, ಬರೀತಾರೆ."

"ಸ್ವೆಟರಿನ ತೋಳು ಮಡಚಿಕೋ ಅಂತ ಯಾವ ಸಿನಿಮಾದಲ್ಲಿ ಹೇಳಿದ್ರು ಸಾರ್? ಇವಳ ಚೀಟಿ ತೆಗೆದುಕೊಡಿ."

"ನೀವು ನನ್ನ ಕುತ್ತಿಗೆಗೆ ತರ್ತೀರಿ. ಚೀಟಿ ತೆಗೆದ್ರೆ ಅಂಕ ತಿದ್ದೋಕೆ ತೆಗೆದ್ರು ಅಂತಾರೆ. ಪರೀಕ್ಷಾ ಮಂಡಳಿಗೆ ಬರೆಯೋಣ. ಮೂರು ನಾಲ್ಕು ದಿನದಲ್ಲಿ ಒಪ್ಪಿಗೆ ಬರುತ್ತೆ. ಫಲಿತಾಂಶಕ್ಕೆ ಇನ್ನೂ ಇಪ್ಪತ್ತು ದಿನ ಇದೆಯಲ್ಲ."

"ಅಲ್ಲೀವರೆಗೂ ಕಾಯಿ ಅಂತ ಅವಳಿಗೆ ಯಾರು ಹೇಳಿದಾರೆ?"

ದೊಡ್ಡ ಮೇಡಂ ನಿಂತೇ ಇದ್ದರು. ಗಂಡನಿಗಾಗಲಿ ಮಕ್ಕಳಿಗಾಗಲಿ ಎಂದೂ ಹೇಳದಿದ್ದ ಆ ಹಳೆಯ ಪತ್ರದ ಸಂಗತಿಯನ್ನು ಈಗ ಇಬ್ಬರು ಹೊರಗಿನವರ ಮುಂದೆ, ಪಾಠ ಒಪ್ಪಿಸುವವರ ಹಾಗೆ, ನೆಲ ನೋಡುತ್ತ ಹೇಳಿದರು. ನಾಲ್ಕು ಅಂಕ ಕೊಟ್ಟಿದ್ದನ್ನೂ ಚಹಾಕ್ಕೆ ಹೋಗಿದ್ದನ್ನೂ ಬಿಡಲಿಲ್ಲ.

"ಆಮೇಲೆ ಆ ಮಗು ಏನಾಯ್ತು?" ಎಂದರು ಸಾಹೇಬರು.

"ಗೊತ್ತಿಲ್ಲ ಸಾರ್. ಅದೇ."

ಹೊರಗೆ ಅಟೆಂಡರ್ ಯಾರ ಮೇಲೋ ರೇಗುತ್ತಿದ್ದ. ಸಾಹೇಬರು ಬಿಳಿ ಹಾಳೆಯೊಂದನ್ನು ಮುಂದಕ್ಕೆ ತಳ್ಳಿದರು. "ನೀವೇ ಕೇಳಿದ್ದು ಅಂತ ಬರೆದುಕೊಡಿ. ಮುಂದಿನ ವರ್ಷದಿಂದ ನಿಮ್ಮನ್ನ ಈ ಕೆಲಸಕ್ಕೆ ಕರೆಯೋದಿಲ್ಲ, ಅದಂತೂ ಖಂಡಿತ. ಮೇಷ್ಟ್ರೇ, ನೀವು ಸಾಕ್ಷಿ ಹಾಕ್ತೀರಾ? ಹೊಸಬರು, ಯೋಚನೆ ಮಾಡಿ."

"ಕೆಂಪು ಪೆನ್ನೇ ಇರೋದು ಸಾರ್, ಅದ್ರಲ್ಲಿ ಸಹಿ ಹಾಕಿದ್ರೆ ನಡೆಯುತ್ತಾ?" ಎಂದರು ಹೊಸ ಮೇಷ್ಟರು.

ಬೀರು ತೆರೆಯಿತು. ಚೀಟಿ ಸಿಕ್ಕಿತು. ಚೀಟಿಯಿಂದ ಶಾಲೆ, ಶಾಲೆಯಿಂದ ಫೋನು. ಆ ಶಾಲೆಯ ಮುಖ್ಯೋಪಾಧ್ಯಾಯಿನಿ ನಂಬರ್ ಕೇಳುತ್ತಲೇ ಗುರುತು ಹಿಡಿದರು. "ಅಯ್ಯೋ, ಅವಳಾ! ಬಂಗಾರದಂಥ ಹುಡುಗಿ ಮೇಡಂ. ನಮ್ಮ ಶಾಲೆಗೇ ಮೊದಲು ಬರೋಳು. ಬೆಳಗ್ಗೆ ಐದಕ್ಕೆ ವಿಶೇಷ ತರಗತಿ ಇಟ್ಟಿದ್ವಿ, ಒಂದು ದಿನ ತಪ್ಪಿಸಿದೋಳಲ್ಲ. ಫಲಿತಾಂಶದ ದಿನ ಹಾಕೋಕೆ ಅವಳ ಫೋಟೋ ಆಗಲೇ ದೊಡ್ಡದು ಮಾಡ್ಸಿ ಇಟ್ಟಿದೀವಿ. ಯಾಕೆ, ಏನಾದ್ರೂ ಪೇಪರ್ ತೊಂದರೆನಾ?"

"ಪೇಪರ್ ಚೆನ್ನಾಗೇ ಇದೆ," ಎಂದು ದೊಡ್ಡ ಮೇಡಂ ಮನೆಯ ನಂಬರ್ ಕೇಳಿ ಬರೆದುಕೊಂಡರು.

ಫೋನ್ ತೆಗೆದುಕೊಂಡವರು ತಾಯಿ. "ಮಲಗಿದಾಳೆ ಮೇಡಂ. ಪರೀಕ್ಷೆ ಮುಗಿದಾಗಿಂದ ಬರೀ ಮಲಗೋದೇ. ಪಾಪ, ವರ್ಷಪೂರ್ತಿ ನಿದ್ದೆಗೆಟ್ಟಿತ್ತು, ಮಲಗ್ಲಿ ಬಿಡು ಅಂತ ನಾವೂ ಸುಮ್ಮನಿದೀವಿ. ಬಾಗಿಲು ಹಾಕ್ಕೊಂಡಿದಾಳೆ."

"ಎಬ್ಬಿಸಿ ತಾಯಿ."

"ಎದ್ದ ಮೇಲೆ ಹೇಳ್ತೀನಿ ಬಿಡಿ. ಯಾರು ಅಂತ ಹೇಳ್ಲಿ?"

"ಈಗ್ಲೇ ಎಬ್ಬಿಸಮ್ಮ. ನಿನ್ನ ಕೈ ಮುಗೀತೀನಿ."

ತಾಯಿಯ ಚಪ್ಪಲಿಯ ಸದ್ದು ದೂರ ಹೋಯಿತು. ಬಾಗಿಲು ಬಡಿದದ್ದು ಕೇಳಿಸಿತು. ಮಗಳೇ, ಫೋನು. ನಿಂತು ಮತ್ತೆ ಬಡಿದರು. ಮಗಳೇ. ಮೂರನೆಯ ಸಲ ಬಡಿತ ಜೋರಾಗಿತ್ತು, ತಾಯಿಯ ದನಿಯೊಳಗೆ ಏನೋ ಬದಲಾಗಿತ್ತು. ಇತ್ತ ಸಾಹೇಬರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಹೊಸ ಮೇಷ್ಟರು ಗೋಡೆಯ ಕಡೆ ತಿರುಗಿದ್ದರು. ದೊಡ್ಡ ಮೇಡಂ ಕಣ್ಣು ಮುಚ್ಚಿದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ, ಏನು ಬೇಡಬೇಕೆಂದು ಅವರಿಗೆ ಸ್ಪಷ್ಟವಾಗಿ ತಿಳಿದಿತ್ತು.

ಆ ಕಡೆ ಚಿಲಕ ಸರಿಯಿತು.

ಬಹಳ ಹೊತ್ತಿನ ಮೇಲೆ ತೆಳುವಾದ ದನಿಯೊಂದು ಬಂತು. "ಹಲೋ. ಯಾರು?"

ಪತ್ರಿಕೆ ತಿದ್ದುವವರು ತಾವು ಯಾರೆಂದು ಹೇಳುವ ಹಾಗಿಲ್ಲ. ಹೇಳಿದರೂ ಆ ಮಗುವಿಗೆ ತಾನು ಯಾರು?

"ನಿನ್ನ ಪತ್ರ ಬಂತಮ್ಮ," ಎಂದರು ದೊಡ್ಡ ಮೇಡಂ. "ಓದಿದೆ."

ಫೋನ್ ಇಟ್ಟುಬಿಟ್ಟಳೋ ಎಂದು ಮೇಡಂ ಕಿವಿಗೆ ಇನ್ನಷ್ಟು ಒತ್ತಿ ಹಿಡಿದರು. ಇಟ್ಟಿರಲಿಲ್ಲ. ಆ ಮನೆಯಲ್ಲಿ ಎಲ್ಲೋ ನಲ್ಲಿ ನೀರು ಹರಿಯುತ್ತಿತ್ತು, ಬಕೆಟ್ಟು ತುಂಬಿ ನೆಲಕ್ಕೆ ಚೆಲ್ಲುತ್ತಿತ್ತು. ಪುಟ್ಟ ಹೆಜ್ಜೆಗಳು ಓಡಿ ಬಂದು ಅದನ್ನು ನಿಲ್ಲಿಸಿದವು. ಆ ನಿಶ್ಶಬ್ದದಲ್ಲಿ ಹುಡುಗಿ ಮೂಗೆಳೆದದ್ದು, ಗೋಡೆಗೆ ಬೆನ್ನು ಸವರುತ್ತ ನಿಧಾನಕ್ಕೆ ನೆಲದ ಮೇಲೆ ಕುಳಿತದ್ದು ಕೇಳಿಸಿತು.