ಅಂಚು ಹಿಡಿಯುವ ಕೈ

ಸುಮಂಗಲಾ ಎಡಗೈಯಲ್ಲಿ ಚಂಬು ಎತ್ತಿದ್ದೇ ತಡ, ಗದಿಗೆಮ್ಮ ಅವಳ ಮಣಿಕಟ್ಟು ಹಿಡಿದಳು.

"ಎಡಗೈಲೆ ಬ್ಯಾಡವಾ! ಕಡೀ ನೀರರ ಬಲಗೈಲೆ ಹಾಕು. ನನ್ನ ತಂಗಿ ಏನ್ ಪಾಪ ಮಾಡ್ಯಾಳ?"

ಹೈದರಾಬಾದಿನ ಜೀಡಿಮೆಟ್ಲಾದ ಎರಡು ಕೋಣೆಯ ಮನೆಯ ಮುಂದೆ ಶರಣಬಸಮ್ಮನ ಕಡೆಯ ಜಳಕ ನಡೆದಿತ್ತು. ನಸುಕಿನ ಬಸ್ಸಿಗೆ ಬೀದರಿನಿಂದ ಬಂದ ಅಕ್ಕ ಗದಿಗೆಮ್ಮ, ಅತ್ತು ಮುಗಿಸುವ ಮೊದಲೇ ಯಜಮಾನಿಕೆ ವಹಿಸಿಕೊಂಡಿದ್ದಳು. ದುಃಖದಲ್ಲೂ ಅವಳ ಬಾಯಿ ಒಂದು ಹೆಜ್ಜೆ ಮುಂದೆಯೇ. ಶರಣಬಸಮ್ಮನ ಸೊಸೆ ಸುಮಂಗಲಾ ಚಂಬನ್ನು ಬಲಗೈಗೆ ಬದಲಿಸಿದಳು. ಚಂಬು ವಾಲಿ ಅರ್ಧ ನೀರು ನೆಲದ ಪಾಲಾಯಿತು. ತನ್ನ ಎಡಗೈಯನ್ನು ಒಪ್ಪಿಕೊಂಡವಳು ಲೋಕದಲ್ಲಿ ಅತ್ತೆಯೊಬ್ಬಳೇ. ಅವಳಿಗೇ ಆ ಕೈಯಿಂದ ನೀರು ಹಾಕಲಾಗಲಿಲ್ಲ.

*

ಅದೇ ಊರಿನ ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ನಾಯಿಕೊಡೆಯಂತೆ ಏಳುತ್ತಿದ್ದ ಕಾಲ ಅದು. ಅವನ್ನು ಕಟ್ಟುವ ಬೀದರ, ಕಲಬುರ್ಗಿಯ ಕೂಲಿಗಳಿಗೆ ಅನ್ನದಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಶರಣಬಸಮ್ಮ ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದಳು. ಹೈದರಾಬಾದಿನಲ್ಲೇ ಅನ್ನ ಉಂಡು ಬೆಳೆದ ಹೊಸ ಸೊಸೆಗೂ ಕಲಿಸಲು ಕೂತಳು. ಸುಮಂಗಲಾ ಬಡಿದಿದ್ದೆಲ್ಲ ಹರಿಯಿತು.

"ನನಗ ಎಡಗೈ ರೂಢಿ ಐತ್ರಿ ಅತ್ತಿ. ಅವ್ವ ಹೊಡದು ಬಿಡಿಸ್ಯಾಳ."

"ಹಂಗಾರ ಎಡಗೈಲೇ ಬಡಿ."

"ಹೆಂಗ್ರಿ? ಒಮ್ಮೆ ತೋರಸ್ರಿ."

ಶರಣಬಸಮ್ಮ ಗತ್ತಿನಿಂದ ಎಡಗೈ ಎತ್ತಿದಳು. ಅವಳ ರೊಟ್ಟಿಯೂ ಹರಿಯಿತು! ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮತ್ತೆ ನಾದಿದಳು, ಅಂಚು ಹಿಡಿದ ಬಲಗೈಗೆ ತಿರುವಲು ಬಾರದೆ ಮತ್ತೆ ಹರಿಯಿತು. ಎಷ್ಟೋ ಹೊತ್ತಿನ ಮೇಲೆ ಬಡಿಯುವುದು ನಿಲ್ಲಿಸಿ ತನ್ನ ಎರಡೂ ಕೈಗಳನ್ನು ಹೊಸದಾಗಿ ನೋಡಿದಳು.

"ಸುಮಾ, ಸಣ್ಣಾಕಿ ಇದ್ದಾಗಿಂದ ಬಡ್ಯಾಕತ್ತೀನಿ. ಬಡಿಯೋ ಕೈಲೆ ರೊಟ್ಟಿ ದುಂಡಗ ಆಗ್ತೈತಿ ಅಂದ್ಕೊಂಡಿದ್ದೆ. ಅಲ್ಲವಾ, ಅಂಚು ಹಿಡಿಯೋ ಕೈಲೆ ಆಗ್ತೈತಿ. ಈ ಎಡಗೈ ಇಷ್ಟ ದಿನ ಸುಮ್ಮನ ದುಡದೈತಿ ನೋಡು, ನನಗ ಗೊತ್ತ ಇದ್ದಿಲ್ಲ."

ಸೊಸೆ ಕಲಿತಳು. ಅತ್ತೆಯೂ ಬಿಡಲಿಲ್ಲ, ಎದುರಿಗೆ ಕೂತು ದಿನಾ ಒಂದಿಷ್ಟು ರೊಟ್ಟಿ ಎಡಗೈಯಲ್ಲೇ ಬಡಿದಳು.

*

ಶರಣಬಸಮ್ಮನನ್ನು ಗೋಡೆಗೆ ಆನಿಸಿ ಕೂರಿಸಿ ಹಣೆ ತುಂಬ ವಿಭೂತಿ ಹಚ್ಚಿದರು. ಮಗ ಕಾಶಿನಾಥ ತಾಯಿಯ ಭುಜ ಹಿಡಿದು ಬಿಕ್ಕುತ್ತಿದ್ದ. ಜಂಗಮರು ಅವಳ ಕೊರಳಿನ ಲಿಂಗ ಬಿಚ್ಚಿ ಕೈಯಲ್ಲಿ ಹಿಡಿದರು.

"ಎಡಗೈ ಬಿಡಸ್ರಿ, ಲಿಂಗ ಇಡಬೇಕು."

ಗದಿಗೆಮ್ಮ ತಂಗಿಯ ಸೆಟೆದ ಬೆರಳುಗಳನ್ನು ಬಿಡಿಸಿ, ಅಂಗೈ ಮುಟ್ಟಿ ಬೆಚ್ಚಿದಳು.

"ಇದ್ಯಾಕ, ಎಡಗೈನೂ ಹಿಂಗ ಒರಟಾಗೈತಿ?"

"ನನಗ ಎಡಗೈಲೆ ರೊಟ್ಟಿ ಬಡಿಯೋದು ಕಲಸಾಕ ಹೋಗಿ ತಾವೂ ಕಲತಾರ್ರಿ ದೊಡ್ಡತ್ತಿ" ಎಂದಳು ಸುಮಂಗಲಾ.

ಗದಿಗೆಮ್ಮ ಆ ಒರಟು ಅಂಗೈಯನ್ನು ಒಮ್ಮೆ ಸವರಿದಳು. ಜಂಗಮರು ಲಿಂಗ ಇಟ್ಟರು. ಕೈ ವಾಲಿ ಲಿಂಗ ಜಾರತೊಡಗಿತು.

"ಹಿಡಿಯವಾ, ಹಿಡಿ" ಎಂದಳು ಗದಿಗೆಮ್ಮ ಸುಮಂಗಲಾಳಿಗೆ. "ಎಡಗೈಲೇ ಹಿಡಿ."

ಸುಮಂಗಲಾಳ ಎಡಗೈ ಅತ್ತೆಯ ಎಡಗೈಯ ಅಂಚು ಹಿಡಿಯಿತು.