ಗಂಟಲ ಸಾಮು

ಎಂಟು ತಿಂಗಳಿಂದ ಶೈಲಮ್ಮ ತನ್ನ ಮಗಳು ಕೀರ್ತಿಯ ಕೋಣೆಯಲ್ಲಿ ಮಲಗುತ್ತಿದ್ದಳು. ಕೀರ್ತಿ ಕೆಲಸಕ್ಕೆಂದು ಬಾಸ್ಟನ್ನಿಗೆ ಹೋದ ಮೇಲೆ ಆ ಮಂಚ ಖಾಲಿಯಿತ್ತು. ಬೆನ್ನುನೋವಿಗೆ ಅದೇ ಹಿತವೆಂದು ಗಂಡ ಈಶಣ್ಣನಿಗೆ ಹೇಳಿದ್ದಳು. ನಿಜ ಬೇರೆಯೇ ಇತ್ತು. ಅವಳಿಗೆ ಗೊರಕೆ. ಕೀರ್ತಿ ಒಮ್ಮೆ ಅದನ್ನು ಫೋನಿನಲ್ಲಿ ಹಿಡಿದು ಕೇಳಿಸಿದ್ದಳು: ನಡುವೆ ಉಸಿರೇ ನಿಂತುಹೋಗಿ, ನೀರಲ್ಲಿ ಮುಳುಗಿದವರು ಮೇಲೆದ್ದ ಹಾಗೆ ಗಕ್ಕನೆ ಮತ್ತೆ ಶುರುವಾಗುವ ಸದ್ದು. ಮೂವತ್ತೊಂದು ವರ್ಷ ಜೊತೆಗೆ ಬಾಳಿದ ಗಂಡನಿಗೂ ಅದು ಕೇಳಬಾರದೆಂದು ಅವಳಿಗೆ ಅನಿಸಿಬಿಟ್ಟಿತ್ತು.

ಜನವರಿಯಲ್ಲಿ ಒಂದು ದಿನ ವುಡ್‌ಬ್ರಿಡ್ಜ್‌ನ ಸಿಗ್ನಲ್ಲಿನಲ್ಲಿ, ಹಾಡಹಗಲೇ, ಸ್ಟಿಯರಿಂಗ್ ಹಿಡಿದಂತೆಯೇ ಅವಳ ಕಣ್ಣು ಮುಚ್ಚಿತು. ಹಿಂದಿನ ಕಾರಿನವರು ಹಾರ್ನ್ ಹೊಡೆದಾಗಲೇ ಎಚ್ಚರ. ಹೆದರಿ ಡಾಕ್ಟರ ಬಳಿ ಹೋದಳು. ನಿದ್ದೆಯ ಪರೀಕ್ಷೆ ಮಾಡಿದರು. ಗಂಟೆಗೆ ಇಪ್ಪತ್ತಾರು ಸಲ ಉಸಿರು ಕಟ್ಟುತ್ತಿದೆಯೆಂದು ಹೇಳಿ, ಮೂಗಿಗೆ ಮಾಸ್ಕ್ ತೊಡಿಸಿ ಗಾಳಿ ಊದುವ ಯಂತ್ರ ಕೊಟ್ಟರು. ಅದನ್ನು ಮಂಚದಡಿ ಬಚ್ಚಿಟ್ಟು, ಬಾಗಿಲು ಹಾಕಿಕೊಂಡೇ ತೊಡುತ್ತಿದ್ದಳು.

ಗಂಟಲಿಗೆ ವ್ಯಾಯಾಮ ಮಾಡಿದರೆ ಈ ಕಾಯಿಲೆ ಹೋಗುತ್ತದಂತೆ ಎಂದು ಯಾರೋ ಹೇಳಿದ್ದು ಅವಳ ಕಿವಿಗೆ ಬಿತ್ತು. ಕೇಳಿದಾಗ ಡಾಕ್ಟರೇ ಅವಳನ್ನು, ಇಂಥ ವ್ಯಾಯಾಮ ಕಲಿಸುವ ತಾನ್ಯಾ ಎಂಬ ಸ್ಪೀಚ್ ಥೆರಪಿಸ್ಟ್ ಬಳಿ ಕಳಿಸಿದರು.

"ಕೆಲವರಿಗೆ ಉಪಯೋಗ ಆಗುತ್ತೆ ಆಂಟಿ. ಮೂರು ತಿಂಗಳು ದಿನಾ ಮಾಡಬೇಕು. ಆದ್ರೆ ಮಾಸ್ಕ್ ಮಾತ್ರ ಸ್ಟಾಪ್ ಮಾಡ್ಬೇಡಿ," ಎಂದಳು ತಾನ್ಯಾ.

ಶೈಲಮ್ಮ ಮೊದಲ ಮಾತನ್ನಷ್ಟೇ ಮನಸ್ಸಿಗೆ ಹಾಕಿಕೊಂಡಳು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಂದಕ್ಕೆ ಜಾರಿಸುವುದು, ಬಾಯಗಲಿಸಿ 'ಆ' ಎನ್ನುವುದು, ಕೆನ್ನೆಯೊಳಗೆ ಬೆರಳಿಟ್ಟು ಹೊರಗೆ ಒತ್ತುತ್ತ, ಕೆನ್ನೆಯ ಬಲದಿಂದಲೇ ಆ ಬೆರಳನ್ನು ಒಳಕ್ಕೆ ತಳ್ಳುವುದು. ಶನಿವಾರ ಬೆಳಿಗ್ಗೆ ಬಾತ್‌ರೂಮಿನ ಕನ್ನಡಿಯೆದುರು ಹಾಗೆ ಬಾಯಲ್ಲಿ ಬೆರಳಿಟ್ಟು ನಿಂತಿದ್ದಾಗ, ಚಿಲಕ ಹಾಕಿರದ ಬಾಗಿಲು ತಳ್ಳಿಕೊಂಡು ಈಶಣ್ಣ ಒಳಗೆ ಬಂದ.

"ಹಲ್ಲು ನೋಯ್ತೈತೇನು?"

ಶೈಲಮ್ಮ ಅಳುತ್ತ ಎಲ್ಲವನ್ನೂ ಹೇಳಿದಳು. ಈಶಣ್ಣ ಅವಳ ಕಣ್ಣೊರೆಸಿದ.

"ನನಗ ಗೊತ್ತೈತಿ. ಇನ್ಶೂರೆನ್ಸ್‌ನವರ ಪತ್ರ ನನ್ನ ಹೆಸರಿಗೇ ಬರ್ತಾವಲ್ಲ. ದಿನಾ ನಿನ್ನ ಬಾಗಲ ಹೊರಗ ನಿಂತು, ಮಶೀನಿನ ಸಪ್ಪಳ ಕೇಳಿದ ಮ್ಯಾಲನ ಹೋಗಿ ಮಲಗ್ತೇನಿ."

"ಮತ್ತ ಯಾಕ ಹೇಳ್ಲಿಲ್ರೀ?"

"ನೀನಾಗೇ ಹೇಳ್ಲಿ ಅಂತ." ಅವನು ಕನ್ನಡಿಯ ಮುಂದೆ ಜಾಗ ಮಾಡಿಕೊಂಡು ನಿಂತ. "ಹೆಂಗ ಮಾಡೂದು, ತೋರಸು."

ಅಂದಿನಿಂದ ಇಬ್ಬರೂ ಸೇರಿ ಮಾಡಿದರು. ಮ್ಯಾನ್‌ಹ್ಯಾಟನ್ನಿನ ಆಫೀಸಿಗೆ ಹೋಗುವ ದಾರಿಯಲ್ಲಿ, ಸೀಕಾಕಸ್‌ನಲ್ಲಿ ರೈಲು ಬದಲಿಸುವಾಗಲೂ ಈಶಣ್ಣ ನಾಲಿಗೆಯನ್ನು ಅಂಗುಳಕ್ಕೆ ಒತ್ತುತ್ತಿದ್ದ. ಅವನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಸಹೋದ್ಯೋಗಿ ಟೋನಿ ಅವನ ಮುಖ ನೋಡಿ ಒಳ್ಳೆಯ ಡೆಂಟಿಸ್ಟ್ ಒಬ್ಬರ ನಂಬರ್ ಕೊಟ್ಟನಂತೆ.

ಜೂನ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿದರು. ಇಪ್ಪತ್ತಾರು ಇದ್ದದ್ದು ಹದಿನೈದಕ್ಕೆ ಇಳಿದಿತ್ತು. ಡಾಕ್ಟರು ಸಂತೋಷಪಟ್ಟರು. ಎಲ್ಲರಿಗೂ ಇಷ್ಟು ಇಳಿಯುವುದಿಲ್ಲ, ಆದರೂ ಹದಿನೈದು ಕಡಿಮೆಯೇನಲ್ಲ, ಮಾಸ್ಕ್ ಬಿಡುವ ಹಾಗಿಲ್ಲ ಎಂದರು.

ಕಾರು ಹತ್ತಿದ್ದೇ ಶೈಲಮ್ಮನ ದುಃಖ ಉಕ್ಕಿ ಬಂತು. "ಇಷ್ಟೆಲ್ಲಾ ಮಾಡಿದ್ರೂ ಆ ಮಾಸ್ಕ್ ತಪ್ಪಲಿಲ್ಲಲ್ರೀ."

ಈಶಣ್ಣ ಕಾರು ಶುರು ಮಾಡಲಿಲ್ಲ. "ಗಂಟೆಗೆ ಹನ್ನೊಂದು ಸಲ ನಿನ್ನ ಉಸಿರು ಕಟ್ಟೂದು ತಪ್ಪೈತಿ ಶೈಲಾ. ನನಗದು ಸಣ್ಣ ಮಾತಲ್ಲ."

ಆ ರಾತ್ರಿ ಯಂತ್ರವನ್ನು ಅವನೇ ಎತ್ತಿ ತಂದು ತಮ್ಮ ಕೋಣೆಯಲ್ಲಿಟ್ಟ. ಶೈಲಮ್ಮ ಗೋಡೆಯ ಕಡೆ ಮುಖ ಮಾಡಿ ಮಾಸ್ಕ್ ತೊಟ್ಟಳು. ಪಟ್ಟಿಗೆ ಸಿಕ್ಕಿಕೊಂಡಿದ್ದ ಕೂದಲನ್ನು ಅವನು ಮೆಲ್ಲಗೆ ಬಿಡಿಸಿದ. ಅವಳು ತಿರುಗಿದಳು.

"ಹೆಂಗ ಕಾಣ್ತೇನ್ರೀ?"

"ಥೇಟ್ ವಿಮಾನ ಹಾರಸಾಕ ಹೊಂಟಂಗ."

ಶೈಲಮ್ಮನಿಗೆ ನಗು ತಡೆಯಲಾಗಲಿಲ್ಲ. ಮೂಗಿಗೆ ಊದುತ್ತಿದ್ದ ಗಾಳಿ ಬಾಯಿಂದ ಬುಸ್ಸೆಂದು ಹೊರಬಂದು, ಮಾಸ್ಕ್ ಸಡಿಲವಾಗಿ, ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು.