ಅಟ್ಟದ ಮೇಲಿನ ಕುಟ್ಟು

ತಿರುಪಿನಿಂದ ಸ್ಕ್ರೂಡ್ರೈವರ್ ತೆಗೆದು ಅವಳು ಹಿಂದಕ್ಕೆ ಸರಿದು ನಿಂತಳು. ಪೇಪರ್ ಏಜೆಂಟನ ಬೈಕು ತನ್ನ ಪಾಡಿಗೆ ತಾನು ಡುಗುಡುಗು ಎನ್ನುತ್ತಿತ್ತು. ಇಬ್ಬರೂ ತಲೆ ಎತ್ತಿ ಮೇಲಿನ ಹಲಗೆಗಳನ್ನು ನೋಡಿದರು. ಏಜೆಂಟನಂತೂ ಪರೀಕ್ಷೆಯ ಫಲಿತಾಂಶಕ್ಕೆ ಬಂದವನ ಹಾಗೆ ಉಸಿರು ಬಿಗಿಹಿಡಿದಿದ್ದ. ಸ್ವಲ್ಪ ಹೊತ್ತಿನ ಮೇಲೆ ಅಟ್ಟದಿಂದ ಠಕ್ ಎಂದು ಒಂದೇ ಒಂದು ಸಲ ಕುಟ್ಟಿದ ಸದ್ದು ಬಂತು. ಹಲಗೆಯ ಸಂದಿಯಿಂದ ಚೂರು ಧೂಳು ಉದುರಿತು.

"ಪಾಸ್," ಅಂದ ಏಜೆಂಟ. "ಮೇಲಿನ ಕೋರ್ಟು ಒಪ್ಪಿದ ಮೇಲೆ ಮುಗೀತು. ಇನ್ನು ಅಪೀಲೇ ಇಲ್ಲ."

ಅವಳು ನಗುತ್ತ ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ತಿರುಗಿಸಿ ಬಿಟ್ಟಳು. ಅದು ಮೇಲಿನವರಿಗೆ ಕೆಳಗಿನಿಂದ ಹೋಗುವ ಉತ್ತರ. ಕೇಳಿಸಿತು, ತಿಳಿಯಿತು ಎಂದು.

ಮೇಲಿನ ಕೋರ್ಟು ಅಂದರೆ ಅವಳ ಗಂಡ. ಆ ಬೀದಿಯವರೆಲ್ಲ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಎಂಥ ಹಠಮಾರಿ ಇಂಜಿನ್ನೂ ಅವನ ಕೈಗೆ ಬಂದರೆ ಮೆತ್ತಗಾಗುತ್ತದೆ ಎಂಬ ಮಾತಿತ್ತು. ಗ್ಯಾರೇಜು ಕೆಳಗೆ, ಸಂಸಾರ ಮೇಲಿನ ಹಲಗೆಯ ಅಟ್ಟದಲ್ಲಿ, ಎರಡಕ್ಕೂ ಆಸರೆಯಾಗಿ ನಡುವೆ ಒಂದು ಕಬ್ಬಿಣದ ಕಂಬ. ಪ್ಲಗ್ ಬದಲಿಸುವುದು, ಚೈನು ಬಿಗಿ ಮಾಡುವುದು, ಕಾರ್ಬುರೇಟರ್ ಬಿಚ್ಚಿ ತೊಳೆಯುವುದು ಎಲ್ಲವನ್ನೂ ಮದುವೆಯಾದ ಮೇಲೆ ಅವನ ಪಕ್ಕದಲ್ಲಿ ಕೂತು ಅವಳು ಕಲಿತಿದ್ದಳು. ಆದರೆ ಐಡ್ಲಿಂಗ್ ಮಾತ್ರ ಅವನದು. ಕೈ ಬಿಟ್ಟಾಗ ಇಂಜಿನ್ನು ಎಷ್ಟು ನಿಧಾನವಾಗಿ ಓಡಬೇಕು, ಎಷ್ಟಕ್ಕಿಂತ ಕೆಳಗೆ ಹೋದರೆ ನಿಂತುಹೋಗುತ್ತದೆ, ಎಷ್ಟಕ್ಕಿಂತ ಮೇಲೆ ಹೋದರೆ ಸುಮ್ಮನೆ ಪೆಟ್ರೋಲು ಕುಡಿಯುತ್ತದೆ ಎಂಬುದನ್ನು ಅವನು ಕಣ್ಣು ಮುಚ್ಚಿ ಕೇಳಿಯೇ ಹೇಳುತ್ತಿದ್ದ. ಮೀಟರ್ ಹಿಡಿದು ನೋಡುವವರನ್ನು ಕಂಡರೆ ಅವನಿಗೆ ಒಳಗೊಳಗೇ ನಗು.

ಮಳೆಗಾಲದ ಕೊನೆಗೆ ಬಂದ ಜ್ವರ ಅವನ ಬೆನ್ನುಹುರಿಗೆ ಇಳಿಯಿತು. ಆಸ್ಪತ್ರೆಯವರು ಕೈಚೆಲ್ಲದೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟು ಜೀವ ಉಳಿಸಿದರು, ಕಾಲು ಉಳಿಯಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ ಹತ್ತು ಮಾತುಗಳಲ್ಲಿ ಇಂಜೆಕ್ಷನ್ನಿನಿಂದ ಕಿವಿಗೂ ಸ್ವಲ್ಪ ತೊಂದರೆ ಆಗಬಹುದು ಎಂಬುದೂ ಒಂದು. ನಾಲ್ಕು ಜನ ಎತ್ತಿಕೊಂಡು ಅಟ್ಟಕ್ಕೆ ಹತ್ತಿಸಬೇಕಾದ ಮನುಷ್ಯನ ಎದುರು ಆ ಮಾತು ಯಾವ ಲೆಕ್ಕ. ಅವಳು ಅದನ್ನು ಅಲ್ಲೇ ಮರೆತಳು.

ಅವಳು ಒಬ್ಬಳೇ ಗ್ಯಾರೇಜಿನ ಬಾಗಿಲನ್ನು ಮತ್ತೆ ತೆರೆದ ಮೊದಲ ವಾರದಲ್ಲೇ ಒಂದು ಎಡವಟ್ಟಾಯಿತು. ನರ್ಸಮ್ಮ ಒಬ್ಬರ ಗಾಡಿಯ ಐಡ್ಲಿಂಗನ್ನು ಅವಳು ತನಗೆ ತೋಚಿದ ಹಾಗೆ ಕೂರಿಸಿ ಕಳಿಸಿದ್ದಳು. ದೊಡ್ಡ ರಸ್ತೆ ದಾಟುವಾಗ ನಟ್ಟನಡುವೆ ಗಾಡಿ ನಿಂತುಹೋಗಿ, ಹಿಂದಿನಿಂದ ಬಂದ ಲಾರಿ ಕೂದಲೆಳೆಯಲ್ಲಿ ತಪ್ಪಿತ್ತು. ನರ್ಸಮ್ಮ ಬೈಯಲಿಲ್ಲ. ಗಾಡಿ ತಳ್ಳಿಕೊಂಡು ಬಂದು, ನಡುಗುವ ಕೈಯಲ್ಲಿ ನೀರು ಕೇಳಿ ಕುಡಿದರು. ಆ ಕೈ ನೋಡಿದ ಮೇಲೆ ಅವಳಿಗೆ ತನ್ನ ಕಿವಿಯ ಮೇಲೆ ನಂಬಿಕೆಯೇ ಹೋಯಿತು. ಅವತ್ತು ಮೇಸ್ತ್ರಿ ಮಂಚದ ಪಕ್ಕ ಒಂದು ಕೋಲು ಇಡಿಸಿಕೊಂಡ. ಒಂದು ಕುಟ್ಟಿದರೆ ಸರಿ, ಎರಡು ಕುಟ್ಟಿದರೆ ಏರಿಸು, ಮೂರು ಕುಟ್ಟಿದರೆ ಇಳಿಸು. ಅಂದಿನಿಂದ ಮೇಲಿನ ಕುಟ್ಟು ಇಲ್ಲದೆ ಒಂದು ಗಾಡಿಯೂ ಆ ಬಾಗಿಲು ದಾಟಿಲ್ಲ.

ಮೊದಮೊದಲು ಅಟ್ಟದಿಂದ ಎರಡು, ಮೂರು, ಮತ್ತೆ ಎರಡು ಎಂದು ಕುಟ್ಟಿದ್ದೇ ಕುಟ್ಟಿದ್ದು. ಹೆಂಡತಿಗೆ ಪಾಠ ಹೇಳುವುದೆಂದರೆ ಯಾವ ಗಂಡನಿಗೆ ಸುಸ್ತಾಗುತ್ತದೆ. ಬರಬರುತ್ತ ಕುಟ್ಟು ಕಡಿಮೆಯಾಯಿತು. ಈಗ ಕೆಲವು ತಿಂಗಳಿಂದ ಪ್ರತಿ ಗಾಡಿಗೂ ಒಂದೇ ಕುಟ್ಟು. ಅವಳಿಗೆ ಅದು ಹೊಟ್ಟೆ ತಣ್ಣಗಾಗುವಂಥ ಸಂಗತಿ. ರಾತ್ರಿ ಅವನ ಕಾಲು ತಿಕ್ಕುವಾಗ, "ಈಗ ಕಲಿತೆ ಅಂತ ಒಪ್ಕೋತೀರಾ?" ಎಂದು ಕೇಳುವಳು. ಅವನು "ಹೂಂ" ಅನ್ನುವನು. ಅವನು ಮೊದಲಿನಿಂದಲೂ ಅಷ್ಟೇ, ಮಾತಾಡಿದರೆ ಮುತ್ತು ಉದುರಿ ಹೋದೀತು ಎನ್ನುವ ಜಾತಿ. ಸೆಖೆನಾ ಅಂದರೂ ಹೂಂ, ಚಳಿನಾ ಅಂದರೂ ಹೂಂ.

ಏಜೆಂಟ ಹೋದ ಮೇಲೆ ಕಂಡಕ್ಟರ್ ಬಂದ. ಬಸ್ಸಿನ ಕೆಲಸದಿಂದ ನಿವೃತ್ತನಾಗಿ ಎಷ್ಟೋ ಕಾಲವಾಗಿದ್ದರೂ ಎಲ್ಲರ ಬಾಯಲ್ಲೂ ಅವನು ಕಂಡಕ್ಟರೇ. ಅವನ ಹಳೆಯ ಬೈಕು ಅವನಷ್ಟೇ ಗೊಣಗುತ್ತಿತ್ತು.

"ಸಿಗ್ನಲ್‌ನಲ್ಲಿ ನಿಲ್ಲಿಸಿದ್ರೆ ಸಾಕಮ್ಮ, ಆಫ್ ಆಗ್ಬಿಡುತ್ತೆ. ನಾಳೆಯಿಂದ ಮೊಮ್ಮಗಳನ್ನ ಸ್ಕೂಲಿಗೆ ಬಿಡೋ ಡ್ಯೂಟಿ ನಂದು. ಆ ದೊಡ್ಡ ರಸ್ತೆ ದಾಟ್ಬೇಕು. ಮಗು ಹಿಂದೆ ಕೂತಿರ್ತಾಳೆ."

ದೊಡ್ಡ ರಸ್ತೆ ಎಂದ ಕೂಡಲೇ ಅವಳಿಗೆ ನರ್ಸಮ್ಮನ ಕೈ ನೆನಪಾಯಿತು. "ಬಿಡಿ, ಕೂರಿಸಿಕೊಡ್ತೀನಿ. ಇಂಜಿನ್ ಮೊದಲು ಬಿಸಿಯಾಗ್ಲಿ. ತಣ್ಣಗಿದ್ದಾಗ ಕೂರಿಸಿದ್ರೆ ಆಮೇಲೆ ತಾಳ ತಪ್ಪುತ್ತೆ," ಎಂದು ಬೈಕನ್ನು ಸ್ಟಾರ್ಟ್ ಮಾಡಿ ಬಿಟ್ಟಳು. ಆಗಲೇ ಮಧ್ಯಾಹ್ನದ ಮಾತ್ರೆ ಕೊಟ್ಟಿಲ್ಲವೆಂದು ಹೊಳೆಯಿತು. ಕೈ ಒರೆಸಿಕೊಂಡು ಏಣಿಮೆಟ್ಟಿಲು ಹತ್ತಿದಳು.

ಮೆಟ್ಟಿಲು ಹೋಗಿ ಮುಟ್ಟುವುದು ಮಂಚದ ತಲೆಯ ಕಡೆಗೆ. ಹಾಗಾಗಿ ಮೇಲೆ ಬಂದವರಿಗೆ ಮೊದಲು ಕಾಣುವುದು ಮೇಸ್ತ್ರಿಯ ನೆತ್ತಿ. ಬೀದಿಯ ಕಡೆಯ ಕಿಟಕಿ ಮುಚ್ಚಿತ್ತು. ಕೆಳಗಿನ ಸದ್ದು ಸರಿಯಾಗಿ ಕೇಳಲಿ ಎಂದು ಹಟ ಹಿಡಿದು ತೆರೆಸಿಕೊಳ್ಳುತ್ತಿದ್ದ ಕಿಟಕಿ ಅದು. ಇತ್ತೀಚೆಗೆ ಧೂಳು ಎಂದು ತಾನೇ ಕೋಲಿನಿಂದ ತಳ್ಳಿ ಮುಚ್ಚಿಕೊಳ್ಳುತ್ತಿದ್ದ.

"ರೀ, ಮಾತ್ರೆ," ಅಂದಳು.

ಅವನು ಅಲುಗಲಿಲ್ಲ. ಒಂದು ಮಗ್ಗುಲಾಗಿ ಮಲಗಿ ಸ್ಟೂಲಿನ ಮೇಲಿದ್ದ ನೀರಿನ ಲೋಟವನ್ನೇ ನೋಡುತ್ತಿದ್ದ. ಲೋಟದಲ್ಲಿ ಅರ್ಧ ನೀರು. ಕೆಳಗೆ ಇಂಜಿನ್ನು ಓಡುತ್ತಿದ್ದುದರಿಂದ ಹಲಗೆ ಸಣ್ಣಗೆ ಅದುರುತ್ತಿತ್ತು, ನೀರಿನ ಮೇಲೆ ಬಳೆ ಬಳೆಯಾಗಿ ಅಲೆ ಏಳುತ್ತಿತ್ತು.

"ರೀ," ಎಂದು ಇನ್ನೂ ಜೋರಾಗಿ ಕರೆದಳು. ಬೀದಿಗೂ ಕೇಳಿಸುವಷ್ಟು ಜೋರಾಗಿ. ಅವನ ತಲೆ ಕೂಡ ಕದಲಲಿಲ್ಲ.

ಅಷ್ಟರಲ್ಲಿ ಕೆಳಗೆ ಇಂಜಿನ್ನು ನಿಂತಿತು. ಕಂಡಕ್ಟರನೇ ಆಫ್ ಮಾಡಿರಬೇಕು, ಪೆಟ್ರೋಲು ಸುಡುವುದನ್ನು ನೋಡಿಕೊಂಡು ಕೂರುವ ಜೀವವಲ್ಲ ಅದು. ಅಟ್ಟದ ತುಂಬ ಮೌನ. ಲೋಟದ ನೀರಿನ ಬಳೆಗಳು ಒಂದೊಂದಾಗಿ ಕರಗಿ ನೀರು ಕನ್ನಡಿಯಂತಾಯಿತು. ಮೇಸ್ತ್ರಿ ಸ್ವಲ್ಪ ಹೊತ್ತು ಕಾದ. ಆಮೇಲೆ ಕೋಲೆತ್ತಿ ಹಲಗೆಗೆ ಒಂದು ಸಲ ಕುಟ್ಟಿದ.

ನಿಂತುಹೋದ ಇಂಜಿನ್ನಿಗೆ, ಸರಿ ಎಂದು.

ಕೈಯಲ್ಲಿದ್ದ ಮಾತ್ರೆ ಎಲ್ಲಿ ಬೀಳುವುದೋ ಎಂದು ಮುಷ್ಟಿ ಬಿಗಿದಳು. ಡಾಕ್ಟರು ಹೇಳಿದ್ದ ಕಿವಿಯ ಮಾತು ಈಗ ನೆನಪಾಯಿತು. ಎಷ್ಟು ದಿನದಿಂದ ಹೀಗೆ? ಆ ಒಂದೊಂದು ಕುಟ್ಟಿಗೂ ಹಿಗ್ಗಿದ್ದಳಲ್ಲ, ಅವುಗಳಲ್ಲಿ ಅವನು ಕೇಳಿಸಿಕೊಂಡು ಕುಟ್ಟಿದ್ದು ಎಷ್ಟು, ನೀರಿನ ಅಲೆ ಬದಲಾಗುವುದು ನಿಂತಿತು ಎಂದರೆ ಇವಳ ಕೈ ನಿಂತಿತು ಎಂದು ಊಹಿಸಿ ಕುಟ್ಟಿದ್ದು ಎಷ್ಟು? ಇದುವರೆಗೆ ತನ್ನ ತಲೆಯ ಮೇಲೆ ಒಂದು ಕಿವಿ ಇದೆ ಎಂದು ನಂಬಿ ಎಷ್ಟು ಜನರನ್ನು ಆ ರಸ್ತೆಗೆ ಕಳಿಸಿದ್ದಾಳೆ. ಅವಳಿಗೆ ಭಯವಾಯಿತು. ಭಯದ ಬೆನ್ನಿಗೇ ಸಿಟ್ಟು ಬಂತು. ಹೆಂಡತಿಗೂ ಹೇಳಬಾರದೇ ಈ ಮನುಷ್ಯ.

ಮೇಸ್ತ್ರಿ ಮಾತ್ರ ಲೋಟದಿಂದ ಕಣ್ಣು ಕೀಳಲಿಲ್ಲ. ಅವನು ಕೆಳಗಿನ ಉತ್ತರಕ್ಕೆ ಕಾಯುತ್ತಿದ್ದ. ಆಕ್ಸಿಲರೇಟರ್ ತಿರುಗಿದರೆ ನೀರು ಒಮ್ಮೆ ಕುಣಿಯಬೇಕು. ಕುಣಿಯಲಿಲ್ಲ. ಅವನು ಮೊಣಕೈ ಊರಿ ಕತ್ತನ್ನು ಇನ್ನಷ್ಟು ಮುಂದೆ ಚಾಚಿದ. ಆಗ ಅವನ ಮುಖ ಅವಳಿಗೆ ಓರೆಯಾಗಿ ಕಂಡಿತು. ದಾರಿ ತಪ್ಪಿದ ಮಗುವಿನ ಮುಖ ಅದು. ಇಷ್ಟು ವರ್ಷ ಸಂಸಾರ ಮಾಡಿದ ಗಂಡನಲ್ಲಿ ಆ ಮುಖವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ, ಆಸ್ಪತ್ರೆಯಲ್ಲಿ ಕಾಲಿನ ವಿಷಯ ಹೇಳಿದ ದಿನವೂ ನೋಡಿರಲಿಲ್ಲ. ಅವಳ ಸಿಟ್ಟು ನಿಂತ ಕಾಲಿನಲ್ಲೇ ಇಳಿದುಹೋಯಿತು.

ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ಅವಳು ಹಿಮ್ಮಡಿ ಎತ್ತಿ ಹಲಗೆಗೆ ಒಮ್ಮೆ ಗುದ್ದಿದಳು.

ನೀರು ಕುಣಿಯಿತು. ಮೇಸ್ತ್ರಿ ಉಸಿರು ಬಿಟ್ಟು ದಿಂಬಿಗೆ ಒರಗಿದ.

ಅವಳು ಎರಡು ಮೆಟ್ಟಿಲು ಇಳಿದು, ಕಣ್ಣು ಒರೆಸಿಕೊಂಡು, ಮತ್ತೆ ಹತ್ತಿ, ಈ ಸಲ ಮಂಚವನ್ನು ಬಳಸಿ ಅವನ ಕಣ್ಣೆದುರಿಗೆ ಬಂದು ನಿಂತಳು. ಮಾತ್ರೆ ಕೊಟ್ಟಳು. ಅವನು ಅವಳ ತುಟಿಯನ್ನೇ ನೋಡುತ್ತ ನುಂಗಿದ. ಇದೂ ಇತ್ತೀಚಿನ ಅಭ್ಯಾಸ. ಇವಳು ಅದನ್ನು ಪ್ರೀತಿ ಎಂದುಕೊಂಡು ನಾಚಿದ್ದೂ ಉಂಟು.

"ಕಂಡಕ್ಟರ್ ಗಾಡಿ ಅಲ್ವಾ?" ಅಂದ ಅವನು. "ಚೆನ್ನಾಗಿ ಕೂರಿಸಿದೀಯ."

ಬಾಗಿಲಿಗೆ ಯಾರ ಗಾಡಿ ಬಂದರೂ ಕಿಟಕಿಯ ಬಿರುಕಿನಿಂದ ಕಾಣುತ್ತಿತ್ತು. ಅವಳ ಬಾಯಿಯವರೆಗೆ ಹತ್ತು ಮಾತು ಬಂದವು. ಹೊರಗೆ ಬಂದದ್ದು "ಹೂಂ" ಮಾತ್ರ.

ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿದಳು. ಕಂಠದವರೆಗೆ ಬಂದರೂ ನಿಲ್ಲಿಸಲಿಲ್ಲ, ಹಲಗೆ ಸ್ವಲ್ಪ ಹೆಚ್ಚು ಅದುರಿದರೂ ಚೆಲ್ಲುತ್ತದೆ ಎನ್ನುವಷ್ಟು ತುಂಬಿದಳು.

"ಇಷ್ಟೊಂದು ಯಾಕೆ? ಕುಡಿಯೋಕೂ ಆಗಲ್ಲ," ಅಂದ.

"ಇರ್ಲಿ," ಎಂದು ನಿಧಾನವಾಗಿ, ತುಟಿ ಬಿಡಿಸಿ ಹೇಳಿ ಕೆಳಗಿಳಿದಳು.

ಕಂಡಕ್ಟರ್ ಕೀ ಹಿಡಿದು ನಿಂತಿದ್ದ. "ಗಾಡಿ ಆಫ್ ಆದ್ಮೇಲೆ ಒಂದು ಕುಟ್ಟಿದ್ರಲ್ಲಮ್ಮ ಮೇಸ್ತ್ರಿ? ನಮ್ಮ ಬಸ್ಸಲ್ಲಿ ಹೀಗೆ ಸೀಟಿ ಊದಿದ್ರೆ ಡ್ರೈವರ್ ಇಳಿದು ಬಂದು ಹೊಡೀತಿದ್ದ."

"ನೀವು ಆಫ್ ಮಾಡಿದ್ದಕ್ಕೆ ಸಿಟ್ಟು ಬಂದು ಕುಟ್ಟಿದ್ರು. ಅವರು ನೋಡ್ತಿರೋ ಗಾಡಿಗೆ ಬೇರೆ ಯಾರೂ ಕೈ ಹಾಕಬಾರ್ದು," ಅಂದಳು. ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯ.

ಇಂಜಿನ್ನು ಮತ್ತೆ ಬಿಸಿಯಾಗುವವರೆಗೆ ಕಾದು, ಸ್ಕ್ರೂಡ್ರೈವರ್ ಹಿಡಿದು ಕುಕ್ಕರಗಾಲಿನಲ್ಲಿ ಕೂತಳು. ಮೇಲೆ ಯಾರೂ ಕೇಳುತ್ತಿಲ್ಲ ಎಂದು ತಿಳಿದು ಕೂತದ್ದು ಇದೇ ಮೊದಲು. ತಿರುಪಿನ ಕಚ್ಚಿನಲ್ಲಿ ತುದಿ ನಿಲ್ಲಲಿಲ್ಲ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡಳು. ತಿರುಪನ್ನು ಇಳಿಸಿದಳು. ಇಂಜಿನ್ನು ಉಗ್ಗತೊಡಗಿತು, ಇನ್ನೇನು ನಿಲ್ಲಬೇಕು. ಕೂದಲಿನಷ್ಟು ಏರಿಸಿದಳು. ಇನ್ನೊಂದು ಕೂದಲಿನಷ್ಟು. ಕಣ್ಣು ಮುಚ್ಚಿ ಕೇಳಿದಳು. ಉಗ್ಗು ಹೋಗಿ ಒಂದೊಂದು ಬಡಿತವೂ ಬಿಡಿಬಿಡಿಯಾಗಿ, ಸಮನಾಗಿ ಬರತೊಡಗಿತು. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಸದ್ದು ಬದಲಾಗಲಿಲ್ಲ. ಆಕ್ಸಿಲರೇಟರ್ ತಿರುಗಿಸಿ ಥಟ್ಟನೆ ಬಿಟ್ಟಳು. ಇಂಜಿನ್ನು ಅಬ್ಬರಿಸಿ, ಇಳಿದು, ಇದ್ದ ಜಾಗಕ್ಕೇ ಬಂದು ಕೂತಿತು. ಹಿಂದೆ ಕೂತು ರಸ್ತೆ ದಾಟುವ ಹುಡುಗಿಯನ್ನು ನೆನೆದು ಇನ್ನೊಂದು ಸಲ ಮಾಡಿದಳು. ಮತ್ತೆ ಅದೇ ಜಾಗ. ಸರಿಯಾಗಿದೆ ಎಂದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದು ಸಂತೋಷ ಕೊಡಲಿಲ್ಲ, ಯಾರದೋ ವಸ್ತು ತನ್ನ ಕೈಗೆ ಬಂದಂತಾಯಿತು.

"ಸ್ವಲ್ಪ ಹಿಡೀರಿ. ಗಾಡಿನ ಒಳಗೆ ತಳ್ಳೋಣ, ಸ್ಟ್ಯಾಂಡು ಈ ಕಂಬಕ್ಕೆ ಒತ್ತಿಕೊಂಡು ನಿಲ್ಲಲಿ," ಅಂದಳು.

"ಕಂಬಕ್ಕಾ? ಅದ್ಯಾಕೆ?"

ಅವಳು ಹ್ಯಾಂಡಲ್ ಹಿಡಿದು ಗಾಡಿಯನ್ನು ಕಂಬದ ಕಡೆಗೆ ತಿರುಗಿಸಿದಳು. ಕಂಡಕ್ಟರ್ ಕಂಬವನ್ನು ನೋಡಿದ. ಅದರ ಗುಂಟ ಮೇಲಿನ ಹಲಗೆಗಳವರೆಗೆ ನೋಡಿದ. ಆಮೇಲೆ ಅವಳ ಮುಖ ನೋಡಿದ. ಜೀವಮಾನವೆಲ್ಲ ಬಸ್ಸಿನ ಗದ್ದಲದಲ್ಲಿ ಒಂದು ಸೀಟಿ, ಎರಡು ಸೀಟಿ ಎಂದು ಮಾತಾಡಿದವನು. ತಮಾಷೆಯ ಮಾತು ಒಂದನ್ನೂ ಆಡದೆ ಹೆಗಲು ಕೊಟ್ಟು ತಳ್ಳಿದ.

ಸ್ಟ್ಯಾಂಡು ಕಂಬಕ್ಕೆ ತಾಗಿದಾಗ ಕಬ್ಬಿಣ ಗುಂಯ್ ಎಂದಿತು. ಅವಳು ಕಂಬದ ಮೇಲೆ ಅಂಗೈ ಇಟ್ಟಳು. ಇಂಜಿನ್ನಿನ ಬಡಿತ ಅದರೊಳಗೆ ಮೇಲಕ್ಕೆ ಹತ್ತಿ ಹೋಗುತ್ತಿತ್ತು. ಎರಡು ಹೆಜ್ಜೆ ಹಿಂದೆ ಸರಿದು ಎಂದಿನಂತೆ ತಲೆ ಎತ್ತಿದಳು. ಕಂಡಕ್ಟರನೂ ಎತ್ತಿದ.

ಠಕ್. ಒಂದು ಕುಟ್ಟು.

ಅವಳು ಆಕ್ಸಿಲರೇಟರ್ ತಿರುಗಿಸಿ ಉತ್ತರ ಕೊಟ್ಟಳು. ಎಂದಿಗಿಂತ ಜೋರಾಗಿ, ಎಂದಿಗಿಂತ ಹೆಚ್ಚು ಹೊತ್ತು. ಕೈ ಬಿಟ್ಟಾಗ ಇಂಜಿನ್ನು ಇಳಿದು ತನ್ನ ಜಾಗಕ್ಕೆ ಬಂದು ಕೂತಿತು. ಆಗ ಹಲಗೆಯ ಸಂದಿಯಿಂದ ಒಂದು ಹನಿ ನೀರು ತೊಟ್ಟಿಕ್ಕಿ ಬೈಕಿನ ಟ್ಯಾಂಕಿನ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು.

"ಮೇಲೆ ನೀರು ಚೆಲ್ತು ಅನ್ಸುತ್ತೆ," ಅಂದ ಕಂಡಕ್ಟರ್ ಮೆಲ್ಲಗೆ.

"ಚೆಲ್ಲಲಿ ಬಿಡಿ," ಅಂದಳು ಅವಳು. ಒರೆಸುವ ಬಟ್ಟೆ ಹೆಗಲ ಮೇಲೇ ಇತ್ತು. ಅವಳು ಅದನ್ನು ತೆಗೆಯಲಿಲ್ಲ.